ರಿಯಲ್‌ಟೈಮ್ ಕರ್ನಲ್ ಅನ್ನು ಸೋರ್ಸ್‌ನಿಂದ ಕಟ್ಟಿದ ದಾಖಲೆ: ಲಿನಕ್ಸ್ 6.12 ಮತ್ತು ಪ್ರೀಎಂಪ್ಟ್ ಆರ್‌ಟಿ

ನಾಲ್ಕು ಕೋರಿನ ಹಳೆಯ ಡೆಸ್ಕ್‌ಟಾಪ್ ಒಂದು ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕತ್ತರಿಸುವ ಯಂತ್ರ) ಓಡಿಸುತ್ತದೆ. ಡೆಬಿಯನ್ 12, ಅದರ ಮೇಲೆ ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ. ಮೋಟಾರುಗಳಿಗೆ ಪಲ್ಸ್ ಕೊಡುವುದು ಈಥರ್ನೆಟ್ ಕೇಬಲ್ಲಿನ ಆ ತುದಿಯಲ್ಲಿರುವ ಎಫ್‌ಪಿಜಿಎ ಬೋರ್ಡು. ಪಿಸಿಗೆ ಉಳಿಯುವುದು ಒಂದೇ ಕೆಲಸ: 1 ಮಿಲಿಸೆಕೆಂಡಿಗೊಮ್ಮೆ ಎದ್ದು ಬೋರ್ಡಿನಿಂದ ಸ್ಥಾನ ಓದಬೇಕು, ಮುಂದಿನ ಹೆಜ್ಜೆ ಲೆಕ್ಕ ಹಾಕಬೇಕು, ತಿರುಗಿ ಕಳಿಸಬೇಕು. ಸಾಮಾನ್ಯ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೇಲೆ ಇದು ಬಹುಪಾಲು ಸರಿಯಾಗಿಯೇ ನಡೆಯುತ್ತದೆ. ಆದರೆ ಯಾವಾಗಲೋ ಒಮ್ಮೆ ಆ ಒಂದು ಮಿಲಿಸೆಕೆಂಡ್ ತಪ್ಪುತ್ತದೆ, ಬೋರ್ಡಿನಿಂದ ಓದುವುದು ಮುಗಿಯಲಿಲ್ಲ ಎಂಬ ಎರರ್ ಬರುತ್ತದೆ, ಯಂತ್ರ ಕತ್ತರಿಸುತ್ತಿದ್ದ ಜಾಗದಲ್ಲೇ ನಿಂತುಬಿಡುತ್ತದೆ. ಸ್ಪಿಂಡಲ್ ಮಾತ್ರ ತಿರುಗುತ್ತಲೇ ಇರುತ್ತದೆ; ಬಿಟ್ ಮರದೊಳಗೆ ಒಂದೇ ಕಡೆ ಉಜ್ಜಿ ಕಪ್ಪು ವೃತ್ತ ಮೂಡಿಸುತ್ತದೆ. ಆ ಹಲಗೆ ಅಲ್ಲಿಗೆ ಹೋಯಿತು.

ಇದಕ್ಕೆ ಮದ್ದು ರಿಯಲ್‌ಟೈಮ್ (ಆರ್‌ಟಿ) ಕರ್ನಲ್, ಅಂದರೆ ಹೇಳಿದ ಹೊತ್ತಿಗೆ ತಪ್ಪದೆ ಎಬ್ಬಿಸುವುದನ್ನೇ ಮುಖ್ಯವಾಗಿಸಿಕೊಂಡ ಕರ್ನಲ್. ಡಿಸ್ಟ್ರೋದಲ್ಲೇ (ಡೆಬಿಯನ್‌ನಂಥ ಲಿನಕ್ಸ್ ವಿತರಣೆಯಲ್ಲೇ) ಸಿದ್ಧ ಆರ್‌ಟಿ ಪ್ಯಾಕೇಜ್ ಇದ್ದರೆ ಮೊದಲು ಅದನ್ನೇ ಹಾಕಿ ಅಳೆದು ನೋಡಿ, ಅಷ್ಟರಲ್ಲೇ ಸಮಸ್ಯೆ ಮುಗಿದರೆ ಮುಂದಿನದ್ದೆಲ್ಲ ಬೇಕಿಲ್ಲ. ನನಗೆ 6.12 ಬೇಕಿತ್ತು, ಕಾನ್ಫಿಗ್ ಮೇಲೆ ಪೂರ್ತಿ ಹಿಡಿತವೂ ಬೇಕಿತ್ತು. ಹಾಗಾಗಿ ಸೋರ್ಸ್‌ನಿಂದಲೇ ಕಟ್ಟಿದೆ. ಹೆಚ್ಚುಕಡಿಮೆ ಮಾಡಿದ ಕ್ರಮದಲ್ಲೇ, ಕೈಕೊಟ್ಟ ಕಡೆಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ. ಆಜ್ಞೆಗಳು ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರದಲ್ಲಿವೆ. ಟರ್ಮಿನಲ್ಲಿನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

0. ಕೈ ಹಾಕುವ ಮೊದಲು ಅಳತೆ

ಇದ್ದ ಕರ್ನಲ್ ಎಷ್ಟು ತಡಮಾಡುತ್ತದೆ ಎಂದು ಮೊದಲೇ ಅಳೆದಿಟ್ಟುಕೊಂಡೆ. ಆರ್‌ಟಿ-ಟೆಸ್ಟ್ಸ್ ಪ್ಯಾಕೇಜಿನ ಸೈಕ್ಲಿಕ್‌ಟೆಸ್ಟ್ ಇದಕ್ಕೆಂದೇ ಇರುವ ಸಾಧನ. ಇಷ್ಟು ಮೈಕ್ರೋಸೆಕೆಂಡ್ ಬಿಟ್ಟು ಎಬ್ಬಿಸು ಎಂದು ಕರ್ನಲ್‌ಗೆ ಹೇಳಿ ಅದು ಮಲಗುತ್ತದೆ, ಎದ್ದ ತಕ್ಷಣ ಗಡಿಯಾರ ನೋಡಿ ಎಷ್ಟು ತಡವಾಯಿತೆಂದು ಬರೆದುಕೊಳ್ಳುತ್ತದೆ.

ಸುಡೋ ಸೈಕ್ಲಿಕ್‌ಟೆಸ್ಟ್ --ಎಂಲಾಕ್‌ಆಲ್ --ಎಸ್‌ಎಂಪಿ --ಪ್ರಯಾರಿಟಿ=80 --ಇಂಟರ್ವಲ್=200 --ಡಿಸ್ಟೆನ್ಸ್=0

ಖಾಲಿ ಕೂತ ಯಂತ್ರದ ಮೇಲೆ ಅಳೆದರೆ ಎಲ್ಲ ಕರ್ನಲ್ಲೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಪಕ್ಕದ ಟರ್ಮಿನಲ್ಲಿನಲ್ಲಿ ಸ್ಟ್ರೆಸ್-ಎನ್‌ಜಿ ಹಚ್ಚಿ ಸಿಪಿಯು, ಮೆಮೊರಿ, ಡಿಸ್ಕ್ ಮೂರನ್ನೂ ದುಡಿಸಿದೆ. ಜೊತೆಗೆ ದೊಡ್ಡ ಫೈಲೊಂದನ್ನು ನೆಟ್‌ವರ್ಕಿನಲ್ಲಿ ನಕಲು ಮಾಡುತ್ತ, ಪರದೆಯ ಮೇಲೆ ವಿಡಿಯೋ ಓಡಿಸಿ ಕಿಟಕಿಗಳನ್ನು ಅತ್ತಿತ್ತ ಎಳೆದಾಡಿದೆ.

ಪರದೆಯಲ್ಲಿ ಪ್ರತಿ ಕೋರಿಗೆ ಒಂದು ಸಾಲು. ಸಾಲಿನ ಕೊನೆಯಲ್ಲಿ ನಾಲ್ಕು ಸಂಖ್ಯೆ: ಮಿನ್, ಆಕ್ಟ್, ಏವಿಜಿ, ಮ್ಯಾಕ್ಸ್. ನನ್ನ ಯಂತ್ರದಲ್ಲಿ ಸರಾಸರಿ 5 ಮೈಕ್ರೋಸೆಕೆಂಡ್, ಗರಿಷ್ಠ 3,412. ಸರಾಸರಿ ನೋಡಿದರೆ ಯಾವ ದೂರೂ ಇಲ್ಲ. ಆದರೆ 3,412 ಎಂದರೆ ಮೂರು ಲೂಪು ಪೂರ್ತಿ ತಪ್ಪಿಹೋದ ಹಾಗೆ. ಈ ಕೆಲಸದಲ್ಲಿ ನೋಡಬೇಕಾದದ್ದು ಆ ಕೊನೆಯ ಅಂಕಣವೊಂದೇ. ಲಕ್ಷ ಸಲ ಸರಿಯಾಗಿ ಎದ್ದು ಒಂದು ಸಲ ತಡವಾದರೂ ಹಲಗೆ ಸುಡುತ್ತದೆ.

1. ಸೋರ್ಸ್

6.12 ಆರಿಸಿದ್ದಕ್ಕೆ ಕಾರಣವಿದೆ. ಇಪ್ಪತ್ತು ವರ್ಷಗಳ ಕಾಲ ಪ್ರೀಎಂಪ್ಟ್ ಆರ್‌ಟಿ (ಲಿನಕ್ಸನ್ನು ರಿಯಲ್‌ಟೈಮ್ ಮಾಡುವ ಬದಲಾವಣೆಗಳ ಕಟ್ಟು) ಮುಖ್ಯ ಕರ್ನಲ್‌ನ ಹೊರಗೇ ಪ್ಯಾಚ್ ರೂಪದಲ್ಲಿ ಬೆಳೆಯಿತು. ಇಂಗೋ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್, ಸ್ಟೀವನ್ ರೋಸ್ಟೆಟ್ ಮೊದಲಾದವರು ಅದನ್ನು ತುಂಡುತುಂಡಾಗಿ ಒಳಗೆ ಸೇರಿಸುತ್ತ ಬಂದರು. ಕೊನೆಯವರೆಗೂ ಬಿಡದ ಗಂಟು ಪ್ರಿಂಟ್‌ಕೆ, ಅಂದರೆ ಕರ್ನಲ್ ತನ್ನ ಸಂದೇಶ ಮುದ್ರಿಸುವ ಭಾಗ. ಅದು ಬಿಚ್ಚಿಕೊಂಡ ಮೇಲೆ 2024ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಕರ್ತೃ ಲಿನಸ್ ಟೋರ್ವಾಲ್ಡ್ಸ್ ಉಳಿದದ್ದನ್ನು ಸೇರಿಸಿಕೊಂಡರು. 2024ರ ನವೆಂಬರ್ 17ರಂದು ಬಿಡುಗಡೆಯಾದ 6.12ರಲ್ಲಿ ಎಕ್ಸ್86, ಆರ್ಮ್64, ರಿಸ್ಕ್-ವಿ ಮೂರಕ್ಕೂ ಪ್ಯಾಚ್ ಇಲ್ಲದೆಯೇ ಈ ಆಯ್ಕೆ ಸಿಗುತ್ತದೆ. ದೀರ್ಘಾವಧಿ ಬೆಂಬಲದ ಆವೃತ್ತಿಯೂ ಹೌದು. ಇಷ್ಟು ಜನ ಇಷ್ಟು ವರ್ಷ ಪಟ್ಟು ಹಿಡಿದು ಮಾಡಿದ ಕೆಲಸ ಈಗ ಮೆನುವಿನಲ್ಲಿ ಒಂದು ಸಾಲಾಗಿ ಕೂತಿರುವುದನ್ನು ನೋಡಿ ನಿಜಕ್ಕೂ ಸಂತೋಷವಾಯಿತು.

ಹಳೆಯ ಆವೃತ್ತಿಯೇ ಬೇಕೆಂದರೆ, ಉದಾಹರಣೆಗೆ 6.1 ಅಥವಾ 6.6, ಆರ್‌ಟಿ ಪ್ಯಾಚ್ ಬೇರೆ ತರಬೇಕು. ಪ್ಯಾಚಿನ ಹೆಸರಿನಲ್ಲಿರುವ ಆವೃತ್ತಿ ಸೋರ್ಸಿನ ಆವೃತ್ತಿಗೆ ಕೊನೆಯ ಅಂಕಿಯವರೆಗೂ ಹೊಂದಬೇಕು.

ಟಾರ್ ಫೈಲಿನ ಜೊತೆ ಸಹಿ ಫೈಲನ್ನೂ ಇಳಿಸಿಕೊಂಡೆ. ಸಹಿ ಇರುವುದು ಒತ್ತಿದ ಎಕ್ಸ್‌ಜೆಡ್ ಫೈಲಿಗಲ್ಲ, ಒಳಗಿನ ಟಾರ್‌ಗೆ. ಎಕ್ಸ್‌ಜೆಡ್ ಫೈಲನ್ನೇ ನೇರವಾಗಿ ಪರೀಕ್ಷೆಗೆ ಕೊಟ್ಟರೆ ಸಹಿ ಸುಳ್ಳು ಎಂದು ಬರುತ್ತದೆ, ಫೈಲ್ ಕೆಟ್ಟಿದೆ ಎಂದು ಮತ್ತೆ ಇಳಿಸಲು ಹೋಗಬೇಡಿ. ಮೊದಲು ಎಕ್ಸ್‌ಜೆಡ್ ಬಿಚ್ಚಿ, ಹೊರಬಂದದ್ದನ್ನು ಪೈಪ್ ಮೂಲಕ ಜಿಪಿಜಿಗೆ ಕೊಡಬೇಕು.

2. ಸಾಮಾನು

ಜಿಸಿಸಿ, ಮೇಕ್, ಫ್ಲೆಕ್ಸ್, ಬೈಸನ್, ಬಿಸಿ, ಮೆನುಗಾಗಿ ಎನ್‌ಕರ್ಸಸ್‌ನ ಡೆವ್ ಪ್ಯಾಕೇಜು, ಲಿಬ್‌ಎಲ್ಫ್ ಮತ್ತು ಓಪನ್‌ಎಸ್‌ಎಸ್‌ಎಲ್‌ನ ಡೆವ್ ಪ್ಯಾಕೇಜುಗಳು, ಡೆಬ್ ಕಟ್ಟಲು ಡೆಬ್‌ಹೆಲ್ಪರ್ ಮತ್ತು ಆರ್‌ಸಿಂಕ್. ಬಿಟಿಎಫ್ (ಡೀಬಗ್ ಮಾಹಿತಿಯ ಒಂದು ಚಿಕ್ಕ ರೂಪ) ಬೇಕಿದ್ದರೆ ಡ್ವಾರ್ವ್ಸ್ ಪ್ಯಾಕೇಜಿನ ಪಹೋಲ್ ಕೂಡ. ಡಿಸ್ಕಿನಲ್ಲಿ 30 ಜಿಬಿ ಖಾಲಿ ಇಟ್ಟುಕೊಳ್ಳಿ. ಏಕೆಂದು 4ನೇ ಹಂತದಲ್ಲಿದೆ.

3. ಕಾನ್ಫಿಗ್

ಓಡುತ್ತಿದ್ದ ಕರ್ನಲ್‌ನ ಕಾನ್ಫಿಗ್ ಫೈಲನ್ನು ಬೂಟ್ ಡೈರೆಕ್ಟರಿಯಿಂದ ನಕಲಿಸಿ ಡಾಟ್-ಕಾನ್ಫಿಗ್ ಎಂದು ಇಟ್ಟೆ. ಆಮೇಲೆ ಸ್ಕ್ರಿಪ್ಟ್ಸ್ ಡೈರೆಕ್ಟರಿಯ ಕಾನ್ಫಿಗ್ ಸಾಧನದಿಂದ ಪ್ರೀಎಂಪ್ಟ್_ಆರ್‌ಟಿ ಆನ್ ಮಾಡಿ, ಮಿಕ್ಕ ಆಯ್ಕೆಗಳಿಗೆ ಡೀಫಾಲ್ಟ್ ತುಂಬುವ ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಕೊಟ್ಟು ಬಿಲ್ಡ್ ಹಚ್ಚಿದೆ. ಮುಂದಿನ ಎರಡು ಹಂತಗಳಲ್ಲಿ ಹೇಳುವ ತೊಡಕುಗಳನ್ನೆಲ್ಲ ದಾಟಿ ಬಿಲ್ಡ್ ಮುಗಿದು, ಬೂಟ್ ಆಗಿ, ಓಡುತ್ತಿರುವ ಕರ್ನಲ್‌ನ ವಿವರ ತೋರಿಸುವ ಯುನೇಮ್ -ವಿ ಕೊಟ್ಟರೆ ಅಲ್ಲಿ ಬಂದದ್ದು ಎಸ್‌ಎಂಪಿ ಪ್ರೀಎಂಪ್ಟ್_ಡೈನಾಮಿಕ್. ಆರ್‌ಟಿಯ ಸುಳಿವೇ ಇಲ್ಲ.

ಕಾರಣ ಹುಡುಕಿದ್ದು ಮೆನುಕಾನ್ಫಿಗ್‌ನಲ್ಲಿ. ಅಲ್ಲಿ ಓರೆಗೆರೆ ಕೀ ಒತ್ತಿದರೆ ಹುಡುಕಾಟದ ಪೆಟ್ಟಿಗೆ ತೆರೆಯುತ್ತದೆ. ಪ್ರೀಎಂಪ್ಟ್_ಆರ್‌ಟಿ ಎಂದು ಕೊಟ್ಟಾಗ ಬಂದ ಷರತ್ತಿನ ಸಾಲಿನಲ್ಲಿ ಎರಡು ಹೆಸರಿದ್ದವು: ಎಕ್ಸ್‌ಪರ್ಟ್, ಅದರ ಮುಂದೆ ಎನ್, ಆರ್ಚ್_ಸಪೋರ್ಟ್ಸ್_ಆರ್‌ಟಿ, ಅದರ ಮುಂದೆ ವೈ. ಅಂದರೆ ಯಂತ್ರದ ಕಡೆಯಿಂದ ತೊಡಕಿಲ್ಲ, ಎಕ್ಸ್‌ಪರ್ಟ್ ಎಂಬ ಆಯ್ಕೆ ಆನ್ ಆಗಿರಲಿಲ್ಲ, ಅಷ್ಟೇ. ಷರತ್ತು ಪೂರೈಸದ ಆಯ್ಕೆಯನ್ನು ಓಲ್ಡ್‌ಡೆಫ್‌ಕಾನ್ಫಿಗ್ ಒಂದು ಮಾತೂ ಹೇಳದೆ ಕಿತ್ತುಹಾಕುತ್ತದೆ. ಜನರಲ್ ಸೆಟಪ್ ಮೆನುವಿನೊಳಗೆ ಪರಿಣತರಿಗೆ ಎಂಬ ಹೆಸರಿನಲ್ಲಿ ಎಕ್ಸ್‌ಪರ್ಟ್ ಇದೆ. ಅದನ್ನು ಆನ್ ಮಾಡಿದ ಮೇಲೆ ಪ್ರೀಎಂಪ್ಶನ್ ಮಾಡೆಲ್ ಪಟ್ಟಿಯಲ್ಲಿ ಫುಲ್ಲಿ ಪ್ರೀಎಂಪ್ಟಿಬಲ್ ಕರ್ನಲ್ ಎಂಬ ಹೊಸ ಸಾಲು ಕಾಣಿಸಿಕೊಂಡಿತು.

ಅಲ್ಲಿಂದ ಮುಂದೆ ಒಂದು ನಿಯಮ ಇಟ್ಟುಕೊಂಡೆ: ಕಾನ್ಫಿಗ್ ಮುಟ್ಟಿದ ಪ್ರತಿ ಸಲ, ಬಿಲ್ಡ್ ಹಚ್ಚುವ ಮುಂಚೆ, ಬೇಕಾದ ಆಯ್ಕೆಗಳೆಲ್ಲ ಡಾಟ್-ಕಾನ್ಫಿಗ್‌ನಲ್ಲಿ ಉಳಿದಿವೆಯೇ ಎಂದು ಗ್ರೆಪ್ ಹಾಕಿ ನೋಡುವುದು. ಒಂದು ಗಂಟೆಯ ಕಂಪೈಲ್ ಆದ ಮೇಲೆ ತಿಳಿಯುವ ಬದಲು ಒಂದು ಸೆಕೆಂಡಿನಲ್ಲಿ ತಿಳಿಯುತ್ತದೆ.

ಬದಲಿಸಿದ ಉಳಿದ ಆಯ್ಕೆಗಳು:

ಹೈ_ರೆಸ್_ಟೈಮರ್ಸ್ ಆನ್ ಇರಲೇಬೇಕು. ಸಾಮಾನ್ಯವಾಗಿ ಇರುತ್ತದೆ, ನೋಡಿಕೊಂಡರೆ ಒಳ್ಳೆಯದು.

ಟೈಮರ್ಸ್ ಮೆನುವಿನಲ್ಲಿ ನೋ_ಎಚ್‌ಜೆಡ್_ಫುಲ್. 8ನೇ ಹಂತದಲ್ಲಿ ಒಂದು ಕೋರನ್ನು ಪ್ರತ್ಯೇಕಿಸಲು ಇದು ಬೇಕಾಯಿತು.

ಲೋಕಲ್‌ವರ್ಶನ್‌ಗೆ ಗುರುತಿನ ಬಾಲ ಹಚ್ಚಿ. ಒಂದೇ ಆವೃತ್ತಿಯ ಮೂರ್ನಾಲ್ಕು ಕರ್ನಲ್ ಗ್ರಬ್ (ಬೂಟ್ ಆಗುವಾಗ ಕರ್ನಲ್ ಆರಿಸುವ ಪ್ರೋಗ್ರಾಮು) ಮೆನುವಿನಲ್ಲಿ ಸಾಲಾಗಿ ನಿಂತಾಗ ಯಾವುದು ಯಾವುದೆಂದು ತಿಳಿಯಲು ಬೇರೆ ದಾರಿಯಿಲ್ಲ.

ಡೀಬಗ್ ಆಯ್ಕೆಗಳು: ಪ್ರೂವ್_ಲಾಕಿಂಗ್, ಡೀಬಗ್_ಪ್ರೀಎಂಪ್ಟ್, ಡೀಬಗ್_ಆಬ್ಜೆಕ್ಟ್ಸ್, ಕಸಾನ್. ಇವು ಆಫ್ ಇರಬೇಕು. ಲಾಕು, ಮೆಮೊರಿ ಮೊದಲಾದವನ್ನು ಮುಟ್ಟಿದಾಗಲೆಲ್ಲ ಲೆಕ್ಕ ಬರೆಯುವ ಈ ಆಯ್ಕೆಗಳಲ್ಲಿ ಯಾವುದು ಆನ್ ಉಳಿದರೂ ತಡ ಕೈಮೀರಿ ಹೋಗುತ್ತದೆ, ದೋಷ ಮಾತ್ರ ಆರ್‌ಟಿಯದ್ದೇ ಎಂಬಂತೆ ಕಾಣುತ್ತದೆ.

ಗಡಿಯಾರದ ಟಿಕ್ ಅನ್ನು ಸೆಕೆಂಡಿಗೆ 1000ಕ್ಕೆ ಏರಿಸಬೇಕು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹೈ ರೆಸಲ್ಯೂಶನ್ ಟೈಮರ್ ಇದ್ದಾಗ ಎಚ್ಚರವಾಗುವ ಸಮಯ ಆ ಟಿಕ್ಕಿಗೆ ಕಟ್ಟುಬಿದ್ದಿರುವುದಿಲ್ಲ. ನಾನು 250 ಇದ್ದದ್ದನ್ನು ಹಾಗೇ ಬಿಟ್ಟೆ.

ಇನ್ನು ಮಾಡ್ಯೂಲುಗಳು. ಡಿಸ್ಟ್ರೋ ಕಾನ್ಫಿಗ್ ಎಂದರೆ ಜಗತ್ತಿನ ಎಲ್ಲ ಹಾರ್ಡ್‌ವೇರಿನ ಡ್ರೈವರುಗಳೂ ಸೇರಿ ಸಾವಿರಾರು ಮಾಡ್ಯೂಲು. ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಕೊಟ್ಟರೆ ಈಗ ಲೋಡ್ ಆಗಿರುವ ಮಾಡ್ಯೂಲುಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಕತ್ತರಿಸುತ್ತದೆ. ಒಂದು ಗಂಟೆ ದಾಟುತ್ತಿದ್ದ ಬಿಲ್ಡ್ ಹದಿನೈದು ನಿಮಿಷದೊಳಗೆ ಬಂತು. ಆದರೆ ಹಾಗೆ ಕಟ್ಟಿದ ಕರ್ನಲ್‌ನಲ್ಲಿ ಜಿ-ಕೋಡ್ (ಯಂತ್ರಕ್ಕೆ ಕೊಡುವ ಕತ್ತರಿಸುವ ಸೂಚನೆಗಳು) ತುಂಬಿದ ಪೆನ್‌ಡ್ರೈವ್ ಚುಚ್ಚಿದರೆ ಡಿಸ್ಕ್ ಬರಲೇ ಇಲ್ಲ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಹೊಸ ಯುಎಸ್‌ಬಿ ಸಾಧನ ಬಂತೆಂಬ ಸಾಲು ಇದೆ, ತಯಾರಕರ ಹೆಸರೂ ಇದೆ, ಅಲ್ಲಿಗೆ ನಿಂತಿದೆ. ಕಾನ್ಫಿಗ್ ಮಾಡುವ ಹೊತ್ತಿನಲ್ಲಿ ಪೆನ್‌ಡ್ರೈವ್ ಚುಚ್ಚಿರಲಿಲ್ಲವಾದ್ದರಿಂದ ಯುಎಸ್‌ಬಿ-ಸ್ಟೋರೇಜ್ ಮಾಡ್ಯೂಲು ಲೋಡ್ ಆಗಿರಲಿಲ್ಲ, ಕತ್ತರಿಗೆ ಸಿಕ್ಕಿತ್ತು. ಪರಿಹಾರ ಸುಲಭ: ಅದೇ ಆಜ್ಞೆಗೆ ಎಲ್‌ಎಂಸಿ_ಕೀಪ್ ಎಂಬ ವೇರಿಯಬಲ್ ಸೇರಿಸಿ, ಕತ್ತರಿಸಬಾರದ ಡೈರೆಕ್ಟರಿಗಳನ್ನು ಕೋಲನ್ ಹಾಕಿ ಬರೆಯುವುದು. ನಾನು ಡ್ರೈವರ್ಸ್ ಕೆಳಗಿನ ಯುಎಸ್‌ಬಿಯನ್ನೂ ಎಫ್‌ಎಸ್ ಡೈರೆಕ್ಟರಿಯನ್ನೂ ಪೂರ್ತಿ ಉಳಿಸಿಕೊಂಡೆ.

4. ಬಿಲ್ಡ್

ಮೇಕ್ -ಜೆ, ಅದರ ಮುಂದೆ ಕೋರುಗಳ ಸಂಖ್ಯೆ, ಕೊನೆಗೆ ಬಿನ್‌ಡೆಬ್-ಪಿಕೆಜಿ. ಮಾಡ್ಯೂಲ್ಸ್_ಇನ್‌ಸ್ಟಾಲ್, ಆಮೇಲೆ ಇನ್‌ಸ್ಟಾಲ್ ಎಂಬ ನೇರ ದಾರಿಯೂ ಇದೆ. ಡೆಬ್ ಪ್ಯಾಕೇಜು ಕಟ್ಟುವುದು ನನಗೆ ಮೇಲೆನಿಸುವುದು ಒಂದೇ ಕಾರಣಕ್ಕೆ: ಬೇಡವಾದ ಕರ್ನಲ್ಲನ್ನು ಎಪಿಟಿ ಮೂಲಕ ಒಂದೇ ಏಟಿಗೆ ತೆಗೆಯಬಹುದು, ಬೂಟ್ ಡೈರೆಕ್ಟರಿಯಲ್ಲಿ ಚೂರುಪಾರು ಉಳಿಯುವುದಿಲ್ಲ.

ಮೊದಲ ನಿಲುಗಡೆ ಸರ್ಟ್ಸ್ ಡೈರೆಕ್ಟರಿಯಲ್ಲಿ. ಡೆಬಿಯನ್-ಯುಇಎಫ್‌ಐ-ಸರ್ಟ್ಸ್ ಎಂಬ ಪೆಮ್ ಫೈಲ್ ಮಾಡುವ ನಿಯಮವಿಲ್ಲ ಎಂದು ಮೇಕ್ ಕೈಚೆಲ್ಲಿತು. ಡಿಸ್ಟ್ರೋದವರು ತಮ್ಮ ಬಿಲ್ಡ್ ಮರದಲ್ಲಿ ಇಟ್ಟುಕೊಳ್ಳುವ ಪ್ರಮಾಣಪತ್ರದ ದಾರಿ ಅವರ ಕಾನ್ಫಿಗ್ ಜೊತೆ ನಕಲಾಗಿ ಬಂದಿತ್ತು. ಮೂಲ ಸೋರ್ಸಿನಲ್ಲಿ ಆ ಫೈಲ್ ಇರುವುದೇ ಇಲ್ಲ. ಸಿಸ್ಟಮ್_ಟ್ರಸ್ಟೆಡ್_ಕೀಸ್ ಮೌಲ್ಯವನ್ನು ಖಾಲಿ ಮಾಡಿದರೆ ಸಾಕು. ಉಬುಂಟು ಕಾನ್ಫಿಗ್ ಆಗಿದ್ದರೆ ಸಿಸ್ಟಮ್_ರಿವೊಕೇಶನ್_ಕೀಸ್ ಕೂಡ ಖಾಲಿ ಮಾಡಬೇಕಾಗುತ್ತದೆ.

ಎರಡನೆಯದು ಡಿಸ್ಕ್ ತುಂಬಿದ್ದು. ಡೀಬಗ್ ಮಾಹಿತಿ ಆನ್ ಇದ್ದ ಪೂರ್ತಿ ಕಾನ್ಫಿಗ್ ಬಿಲ್ಡ್ 20 ಜಿಬಿಯನ್ನು ಆರಾಮಾಗಿ ದಾಟಿತು, ಪ್ಯಾಕೇಜು ಕಟ್ಟುವ ಹಂತಕ್ಕೆ ಬಂದಾಗ ಜಾಗವೇ ಇರಲಿಲ್ಲ. ಕರ್ನಲ್ ಹ್ಯಾಕಿಂಗ್ ಮೆನುವಿನಲ್ಲಿ ಡೀಬಗ್_ಇನ್ಫೋ_ನನ್ ಆರಿಸಿದೆ. ಬಿಟಿಎಫ್ ಕೂಡ ಅದರೊಂದಿಗೆ ಹೋಗುತ್ತದೆ, ಪಹೋಲ್ ಕೂಡ ಬೇಡವಾಗುತ್ತದೆ. ಇಬಿಪಿಎಫ್ (ಕರ್ನಲ್‌ನೊಳಗೆ ಸಣ್ಣ ಪ್ರೋಗ್ರಾಮು ಓಡಿಸುವ) ಸಾಧನಗಳನ್ನು ಬಳಸುವವರು ಮಾತ್ರ ಇದನ್ನು ಯೋಚಿಸಿ ಮಾಡಬೇಕು.

ಆಮೇಲೆ ತೊಂದರೆಯಾಗಲಿಲ್ಲ. ಸೋರ್ಸಿನ ಮೇಲಿನ ಡೈರೆಕ್ಟರಿಯಲ್ಲಿ ಇಮೇಜ್, ಹೆಡರ್ಸ್, ಲಿಬ್‌ಸಿ-ಡೆವ್ ಎಂಬ ಡೆಬ್‌ಗಳು ಬಂದು ಕೂತವು. ಮೊದಲೆರಡು ಸಾಕು.

5. ಇನ್‌ಸ್ಟಾಲ್ ಮತ್ತು ಆರ್‌ಟಿ ಬೂಟ್

ಡಿಪಿಕೆಜಿ -ಐ ಕೊಟ್ಟಾಗ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಡ್ರೈವರುಗಳ ಕಟ್ಟು) ಕಟ್ಟುವ ಹೊತ್ತಿಗೆ ಸಾಧನದಲ್ಲಿ ಜಾಗವಿಲ್ಲ ಎಂಬ ಎರರ್. ಈ ಯಂತ್ರದಲ್ಲಿ ಬೂಟ್‌ಗೆ ಪ್ರತ್ಯೇಕ ಚಿಕ್ಕ ಪಾರ್ಟಿಶನ್ ಇದೆ, ಹಳೆಯ ಕರ್ನಲ್‌ಗಳು ಅದನ್ನು ತುಂಬಿದ್ದವು. ಇಲ್ಲಿ ಗಡಿಬಿಡಿಯಲ್ಲಿ ರೀಬೂಟ್ ಮಾಡಬಾರದು. ಅರ್ಧ ಬರೆದ ಇನಿಟ್‌ರಾಮ್‌ಎಫ್‌ಎಸ್ ಇರುವ ಕರ್ನಲ್ಲೇ ಗ್ರಬ್‌ನ ಮೊದಲ ಸಾಲಾದರೆ ಬೂಟ್ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಓಡದಿರುವ ಹಳೆಯ ಕರ್ನಲ್‌ಗಳನ್ನು ತೆಗೆದೆ, ಓಡುತ್ತಿದ್ದುದನ್ನು ಕಾಯ್ದಿಟ್ಟೆ. ಇನಿಟ್‌ರಾಮ್‌ಎಫ್‌ಎಸ್‌ನ ಕಾನ್ಫ್ ಫೈಲಿನಲ್ಲಿ ಮಾಡ್ಯೂಲ್ಸ್=ಮೋಸ್ಟ್ ಇದ್ದದ್ದನ್ನು ಡೆಪ್ ಮಾಡಿದೆ. ಆಗ ಈ ಯಂತ್ರಕ್ಕೆ ಬೇಕಾದ ಡ್ರೈವರುಗಳಷ್ಟೇ ಒಳಗೆ ಹೋಗುತ್ತವೆ. ಮತ್ತೆ ಇನ್‌ಸ್ಟಾಲ್ ಮಾಡಿದಾಗ ಜಾಗ ಸಾಕಾಗಿ ಉಳಿಯಿತು.

ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರದಲ್ಲಿ ಸ್ವಂತ ಕರ್ನಲ್ ಬೂಟ್ ಆಗುವುದಿಲ್ಲ, ಬೂಟ್ ಶುರುವಿನಲ್ಲಿ ಸಹಿ ಪರೀಕ್ಷಿಸುವ ಶಿಮ್ ಪ್ರೋಗ್ರಾಮು ಸಹಿ ಸರಿಯಿಲ್ಲ ಎಂದು ತಿರಸ್ಕರಿಸುತ್ತದೆ. ಅದನ್ನು ಆಫ್ ಮಾಡಬೇಕು, ಇಲ್ಲವೇ ಸ್ವಂತ ಕೀ ಮಾಡಿ ಮೋಕ್‌ಯುಟಿಲ್‌ನಿಂದ ನೋಂದಾಯಿಸಿ ಕರ್ನಲ್‌ಗೆ ಸಹಿ ಹಾಕಬೇಕು. ಈ ಯಂತ್ರದಲ್ಲಿ ಆ ಗೊಡವೆ ಇರಲಿಲ್ಲ.

ಬೂಟ್ ಆಯಿತು. ಯುನೇಮ್ -ವಿ: ಎಸ್‌ಎಂಪಿ ಪ್ರೀಎಂಪ್ಟ್_ಆರ್‌ಟಿ.

ಇನ್ನೊಂದು ಗುರುತು ಪಿಎಸ್ ಪಟ್ಟಿಯಲ್ಲಿ ಕಾಣುತ್ತದೆ. ಐಆರ್‌ಕ್ಯೂ ಎಂದು ಶುರುವಾಗುವ ಥ್ರೆಡ್ಡುಗಳು ಸಾಲುಸಾಲಾಗಿ ಇರುತ್ತವೆ. ಒಂದು ಡಿಸ್ಕಿಗೆ, ಒಂದು ನೆಟ್‌ವರ್ಕಿಗೆ, ಒಂದು ಯುಎಸ್‌ಬಿಗೆ. ಆರ್‌ಟಿಯಲ್ಲಿ ಬಹುತೇಕ ಇಂಟರಪ್ಟ್ (ಹಾರ್ಡ್‌ವೇರ್ ಸಿಪಿಯುವಿನ ಗಮನ ಕೇಳುವುದು) ಕೆಲಸ ಥ್ರೆಡ್ ಆಗಿ ನಡೆಯುತ್ತದೆ, ಪ್ರತಿಯೊಂದಕ್ಕೂ ಫೀಫೋ (ರಿಯಲ್‌ಟೈಮ್ ಸರದಿಯ) ಆದ್ಯತೆ 50. ಈ 50 ನೆನಪಿರಲಿ. ನಿಮ್ಮ ಪ್ರೋಗ್ರಾಮಿನ ಆದ್ಯತೆ ಅದಕ್ಕಿಂತ ಮೇಲಿದ್ದರೆ ಡಿಸ್ಕಿನ ಗಲಾಟೆ ಅದನ್ನು ತಡೆಯದು, ಕೆಳಗಿದ್ದರೆ ಆರ್‌ಟಿ ಕರ್ನಲ್ ಹಾಕಿಯೂ ಅರ್ಧ ಲಾಭ ಕಳೆದುಕೊಂಡಂತೆ. ಹಾಗೆಂದು 99 ಕೊಡಬೇಡಿ, ಅದು ಕರ್ನಲ್‌ನ ಸ್ವಂತ ಥ್ರೆಡ್ಡುಗಳ ಜಾಗ. 80 ಸುರಕ್ಷಿತ.

6. ಅನುಮತಿ

ರೂಟ್ ಅಲ್ಲದ ಬಳಕೆದಾರ ಆದ್ಯತೆ ಹಚ್ಚುವ ಸಿಎಚ್‌ಆರ್‌ಟಿ ಆಜ್ಞೆಯಿಂದ ಫೀಫೋ ಆದ್ಯತೆ ಕೇಳಿದರೆ ಆಪರೇಶನ್ ನಾಟ್ ಪರ್ಮಿಟೆಡ್. ರಿಯಲ್‌ಟೈಮ್ ಎಂಬ ಗ್ರೂಪು ಮಾಡಿ, ಲಿಮಿಟ್ಸ್.ಡಿ ಡೈರೆಕ್ಟರಿಯಲ್ಲಿ ಆ ಗ್ರೂಪಿಗೆ ಆರ್‌ಟಿಪ್ರಿಯೋ 95, ಮೆಮ್‌ಲಾಕ್ ಅನ್‌ಲಿಮಿಟೆಡ್ ಎಂದು ಎರಡು ಸಾಲು ಬರೆದೆ. ಲಾಗೌಟ್ ಆಗಿ ಮತ್ತೆ ಒಳಬಂದ ಮೇಲಷ್ಟೇ ಇದು ಜಾರಿಗೆ ಬರುತ್ತದೆ.

7. ಮತ್ತೆ ಅಳತೆ, ಮತ್ತು ಹೋಗದ ಒಂದು ನೆಗೆತ

ಅದೇ ಆಜ್ಞೆ, ಅದೇ ಹೊರೆ. ಶುರುವಿನಲ್ಲಿ ಗರಿಷ್ಠ 60-70ರ ಒಳಗೆ ಇತ್ತು. 3,412ರಿಂದ ಇಲ್ಲಿಗೆ ಬಂದದ್ದೇ ದೊಡ್ಡ ಮಾತು. ಆದರೆ ಓಡಲು ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ಒಮ್ಮೆ 187ಕ್ಕೆ ನೆಗೆಯಿತು, ಆಮೇಲೆ 183, ಮತ್ತೆ 186. ಹೊರೆ ಪೂರ್ತಿ ನಿಲ್ಲಿಸಿದರೂ ಅದೇ ಎತ್ತರ. ಹೊರೆಯೊಂದಿಗೆ ಏರಿಳಿಯದ, ಪ್ರತಿ ಸಲ ಒಂದೇ ಅಳತೆಯ ತಡ ಕರ್ನಲ್‌ನೊಳಗಿನದ್ದಾಗಿರುವ ಸಂಭವ ಕಡಿಮೆ.

ಅನುಮಾನ ಹೋದದ್ದು ಎಸ್‌ಎಂಐ (ಸಿಸ್ಟಮ್ ಮ್ಯಾನೇಜ್‌ಮೆಂಟ್ ಇಂಟರಪ್ಟ್) ಮೇಲೆ. ಮದರ್‌ಬೋರ್ಡಿನ ಫರ್ಮ್‌ವೇರ್ ತನ್ನ ಕೆಲಸಕ್ಕೆ ಸಿಪಿಯುವನ್ನು ಕಸಿದುಕೊಂಡಾಗ ಆಪರೇಟಿಂಗ್ ಸಿಸ್ಟಮ್‌ಗೆ ಅದು ಗೊತ್ತಾಗುವುದೇ ಇಲ್ಲ. ಗಡಿಯಾರ ಮಾತ್ರ ಮುಂದೆ ಹೋಗಿರುತ್ತದೆ. ಇದನ್ನು ಹಿಡಿಯಲು ಆರ್‌ಟಿ-ಟೆಸ್ಟ್ಸ್‌ನಲ್ಲೇ ಎಚ್‌ಡಬ್ಲ್ಯೂಲ್ಯಾಟ್‌ಡಿಟೆಕ್ಟ್ ಇದೆ. ಇಂಟರಪ್ಟ್‌ಗಳನ್ನು ಮುಚ್ಚಿಕೊಂಡು ಗಡಿಯಾರವನ್ನು ಮತ್ತೆ ಮತ್ತೆ ಓದುತ್ತ, ಎರಡು ಓದಿನ ನಡುವೆ ವಿವರಿಸಲಾಗದ ಅಂತರ ಬಿದ್ದರೆ ಬರೆದಿಡುತ್ತದೆ. ನನ್ನ ಕರ್ನಲ್‌ನಲ್ಲಿ ಅದು ಶುರುವೇ ಆಗಲಿಲ್ಲ. ಕರ್ನಲ್ ಚಿಕ್ಕದಿರಲೆಂದು ಟ್ರೇಸರುಗಳನ್ನೆಲ್ಲ (ಕರ್ನಲ್‌ನೊಳಗೆ ನಡೆಯುವುದನ್ನು ದಾಖಲಿಸುವ ಭಾಗಗಳನ್ನು) ಕಾನ್ಫಿಗ್‌ನಿಂದ ತೆಗೆದಿದ್ದೆ, ಇದಕ್ಕೆ ಎಚ್‌ಡಬ್ಲ್ಯೂಲ್ಯಾಟ್_ಟ್ರೇಸರ್ ಬೇಕು. ಆನ್ ಮಾಡಿ ಮತ್ತೆ ಬಿಲ್ಡ್ ಮಾಡಿದೆ. ಜೊತೆಗೆ ಓಎಸ್‌ನಾಯ್ಸ್ ಮತ್ತು ಟೈಮರ್‌ಲ್ಯಾಟ್ ಟ್ರೇಸರುಗಳನ್ನೂ ಸೇರಿಸಿದೆ. ಇವು ಆಫ್ ಇದ್ದಾಗ ತಡಕ್ಕೆ ಲೆಕ್ಕಕ್ಕೆ ಬರುವಷ್ಟು ಭಾರ ಸೇರಿಸುವುದಿಲ್ಲ, ಆರ್‌ಟಿ ಕರ್ನಲ್ ಕಟ್ಟುವವರು ಇವನ್ನು ಮೊದಲೇ ಇಟ್ಟುಕೊಳ್ಳುವುದು ಲೇಸು.

10 ನಿಮಿಷ ಓಡಿಸಿದಾಗ ಉತ್ತರ ಸ್ಪಷ್ಟವಾಯಿತು: 170ರ ಆಸುಪಾಸಿನ ಅಂತರಗಳು, ಇಂಟರಪ್ಟ್ ಮುಚ್ಚಿದ್ದಾಗಲೂ. ಟರ್ಬೋಸ್ಟ್ಯಾಟ್‌ನ ಎಸ್‌ಎಂಐ ಅಂಕಣದ ಎಣಿಕೆಯೂ ಅದೇ ಲಯದಲ್ಲಿ ಏರುತ್ತಿತ್ತು. ಯಾವ ಕರ್ನಲ್ ಹಾಕಿದರೂ ಇದು ಹೋಗುವುದಲ್ಲ. ಬಯಾಸ್‌ಗೆ ಹೋಗಿ ಒಂದೊಂದೇ ಆಯ್ಕೆ ಬದಲಿಸುತ್ತ, ಪ್ರತಿ ಸಲ ಬೂಟ್ ಮಾಡಿ ಎಚ್‌ಡಬ್ಲ್ಯೂಲ್ಯಾಟ್‌ಡಿಟೆಕ್ಟ್ ಓಡಿಸಿದೆ. ಫ್ಯಾನ್ ನಿಯಂತ್ರಣ ಬದಲಿಸಿದರೂ ಏನೂ ಆಗಲಿಲ್ಲ. ಯುಎಸ್‌ಬಿ ಲೆಗಸಿ ಸಪೋರ್ಟ್ ಆಫ್ ಮಾಡಿದಾಗ ಅಂತರಗಳು ನಿಂತವು. ಯುಎಸ್‌ಬಿ ಕೀಬೋರ್ಡನ್ನು ಹಳೆಯ ಪಿಎಸ್/2 ಕೀಬೋರ್ಡಿನಂತೆ ತೋರಿಸಲು ಫರ್ಮ್‌ವೇರ್ ಪದೇಪದೇ ಎದ್ದು ಬರುತ್ತಿದ್ದದ್ದೇ ಈ ತಡದ ಮೂಲ. ಇದನ್ನು ಆಫ್ ಮಾಡಿದ ಮೇಲೆ ಗ್ರಬ್ ಮೆನುವಿನಲ್ಲಿ ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡದಿರಬಹುದು, ಪಿಎಸ್/2 ಕೀಬೋರ್ಡೊಂದು ಕೈಗೆಟುಕುವಲ್ಲಿ ಇರಲಿ.

ಈಗ ಹೊರೆಯ ಕೆಳಗೆ ಗರಿಷ್ಠ 58.

ಸೈಕ್ಲಿಕ್‌ಟೆಸ್ಟ್ ನಂಬುವ ಮುನ್ನ ತಿಳಿದಿರಬೇಕಾದ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಬೋರ್ಡಿನ ಓದುಗಳನ್ನು ದಾಖಲಿಸಲು ಬರೆದ ಸಣ್ಣ ಸಿ ಪ್ರೋಗ್ರಾಮೊಂದು, ಅದೇ ಆದ್ಯತೆ 80, ಅದೇ ಮೆಮೊರಿ ಲಾಕು, 1 ಮಿಲಿಸೆಕೆಂಡಿನ ಕ್ಲಾಕ್_ನ್ಯಾನೋಸ್ಲೀಪ್, ನೂರಕ್ಕೂ ಹೆಚ್ಚು ಮೈಕ್ರೋಸೆಕೆಂಡ್ ತಡ ತೋರಿಸುತ್ತಿತ್ತು. ಸೈಕ್ಲಿಕ್‌ಟೆಸ್ಟ್ ಮಾತ್ರ 58ಕ್ಕೇ ನಿಂತಿತ್ತು. ವ್ಯತ್ಯಾಸ ಎಲ್ಲಿ ಎಂದರೆ, ಸೈಕ್ಲಿಕ್‌ಟೆಸ್ಟ್ ಶುರುವಾದೊಡನೆ ಸಿಪಿಯು_ಡಿಎಂಎ_ಲೇಟೆನ್ಸಿ ಎಂಬ ಡಿವೈಸ್ ಫೈಲ್ ತೆರೆದು ಸೊನ್ನೆ ಬರೆದು, ಮುಗಿಯುವವರೆಗೂ ತೆರೆದೇ ಇಟ್ಟುಕೊಳ್ಳುತ್ತದೆ. ಅಷ್ಟು ಹೊತ್ತೂ ಸಿಪಿಯು ಆಳವಾದ ಸಿ-ಸ್ಟೇಟ್ ನಿದ್ದೆಗೆ ಜಾರುವುದಿಲ್ಲ. ನನ್ನ ಪ್ರೋಗ್ರಾಮು ಹಾಗೆ ಮಾಡುತ್ತಿರಲಿಲ್ಲ, ಪ್ರತಿ ಸಲ ಗಾಢ ನಿದ್ದೆಯಿಂದ ಕೋರನ್ನು ಎಬ್ಬಿಸುತ್ತಿತ್ತು. ಸೈಕ್ಲಿಕ್‌ಟೆಸ್ಟ್‌ಗೆ --ಲ್ಯಾಪ್‌ಟಾಪ್ ಎಂಬ ಆಯ್ಕೆ ಕೊಟ್ಟರೆ ಆ ಫೈಲನ್ನು ಮುಟ್ಟುವುದಿಲ್ಲ. ಹಾಗೆ ಓಡಿಸಿದಾಗ ಅದೂ ನೂರು ದಾಟಿತು. ಪ್ರೋಗ್ರಾಮಿನಲ್ಲೂ ಅದೇ ಫೈಲ್ ತೆರೆದು 32 ಬಿಟ್ ಸೊನ್ನೆ ಬರೆದು, ಮುಚ್ಚದೆ ಇಟ್ಟೆ. ತಡ ಇಳಿಯಿತು. ಫೈಲ್ ಮುಚ್ಚಿದ ಕ್ಷಣ ಕೋರಿಕೆ ರದ್ದಾಗುತ್ತದೆ, ಆದ್ದರಿಂದ ಶೆಲ್‌ನಿಂದ ಎಕೋ ಹೊಡೆದು ಬಿಟ್ಟರೆ ಉಪಯೋಗವಿಲ್ಲ.

ಸಿಪಿಯು ವೇಗ ನಿರ್ಧರಿಸುವ ಗವರ್ನರ್ ಅನ್ನು ಪರ್ಫಾರ್ಮೆನ್ಸ್‌ಗೆ ಇಟ್ಟದ್ದರಿಂದಲೂ ಸ್ವಲ್ಪ ಇಳಿಯಿತು, ಇದರಷ್ಟಲ್ಲ.

8. ಒಂದು ಕೋರನ್ನು ಬೇರೆ ಮಾಡುವುದು

ಗ್ರಬ್‌ನ ಡೀಫಾಲ್ಟ್ ಆಜ್ಞಾಸಾಲಿಗೆ ನಾಲ್ಕು ಮಾತು ಸೇರಿಸಿದೆ: ಐಸೋಲ್‌ಸಿಪಿಯುಸ್=3, ನೋಎಚ್‌ಜೆಡ್_ಫುಲ್=3, ಆರ್‌ಸಿಯು_ನೋಸಿಬಿಎಸ್=3, ಐಆರ್‌ಕ್ಯೂಅಫಿನಿಟಿ=0-2. ಇತರ ಕೆಲಸಗಳು, ಗಡಿಯಾರದ ಟಿಕ್, ಕರ್ನಲ್‌ನ ಆರ್‌ಸಿಯು ಎಂಬ ಹಿನ್ನೆಲೆ ಕೆಲಸ, ಇಂಟರಪ್ಟ್‌ಗಳು, ಇವನ್ನು ಕ್ರಮವಾಗಿ ಆ ಕೋರಿನಿಂದ ದೂರವಿಡಲು ಇವು. ಕೋರುಗಳ ಎಣಿಕೆ ಸೊನ್ನೆಯಿಂದ, ಹಾಗಾಗಿ 3 ಎಂದರೆ ನಾಲ್ಕನೆಯದು. ಅಪ್‌ಡೇಟ್-ಗ್ರಬ್, ರೀಬೂಟ್. ಪ್ರೊಕ್ ಕೆಳಗಿನ ಸಿಎಂಡಿಲೈನ್ ಓದಿ ನಾಲ್ಕೂ ಬಂದಿವೆಯೆಂದು ಖಚಿತ ಮಾಡಿಕೊಂಡೆ. ಐಆರ್‌ಕ್ಯೂಬ್ಯಾಲೆನ್ಸ್ ಸೇವೆ ಓಡುತ್ತಿದ್ದರೆ ನಿಲ್ಲಿಸಿ, ಇಂಟರಪ್ಟ್‌ಗಳನ್ನು ಅದು ತನ್ನಿಷ್ಟಕ್ಕೆ ಹಂಚತೊಡಗುತ್ತದೆ.

ಪ್ರತ್ಯೇಕಿಸಿದ ಕೋರಿನ ಮೇಲೆ ಮಾತ್ರ ಅಳೆಯಲು ಎಸ್‌ಎಂಪಿ ಆಯ್ಕೆ ಬಿಟ್ಟು, ಅಫಿನಿಟಿ 3, ಥ್ರೆಡ್ 1 ಎಂದು ಕೊಟ್ಟೆ. ಉಳಿದ ಮೂರು ಕೋರುಗಳು ಸ್ಟ್ರೆಸ್-ಎನ್‌ಜಿಯಲ್ಲಿ ಬೇಯುತ್ತಿದ್ದರೂ ಇಲ್ಲಿ ಗರಿಷ್ಠ 21. ಲಿನಕ್ಸ್‌ಸಿಎನ್‌ಸಿಯ ರಿಯಲ್‌ಟೈಮ್ ಥ್ರೆಡ್ ಈ ಕೋರಿನ ಮೇಲೇ ಓಡುತ್ತಿದೆಯೇ ಎಂದು ಪಿಎಸ್‌ನ ಪಿಎಸ್‌ಆರ್ ಅಂಕಣದಲ್ಲಿ ನೋಡಿಕೊಂಡೆ.

9. ನೆಟ್‌ವರ್ಕ್

ಇಷ್ಟಾದರೂ ಬೋರ್ಡಿನ ಓದು ತಪ್ಪುವ ಎರರ್ ಅಪರೂಪಕ್ಕೆ ಬರುತ್ತಲೇ ಇತ್ತು. ಥ್ರೆಡ್ ಸರಿಯಾದ ಹೊತ್ತಿಗೆ ಏಳುತ್ತಿದೆ, ಪ್ಯಾಕೆಟ್ ಮಾತ್ರ ತಡವಾಗಿ ಬರುತ್ತಿದೆ. ಪಿಂಗ್ ಹಾಕಿ ನೋಡಿದರೆ ಹೋಗಿಬರುವ ಸಮಯ ಸ್ಥಿರವಾಗಿರಲಿಲ್ಲ.

ನೆಟ್‌ವರ್ಕ್ ಕಾರ್ಡುಗಳು ಬಂದ ಪ್ಯಾಕೆಟ್ಟುಗಳನ್ನು ಕೂಡಿಟ್ಟುಕೊಂಡು ಒಟ್ಟಿಗೆ ಒಂದು ಇಂಟರಪ್ಟ್ ಕೊಡುತ್ತವೆ. ಫೈಲ್ ನಕಲಿಗೆ ಅದು ಒಳ್ಳೆಯದು, ಒಂದೇ ಒಂದು ಪುಟ್ಟ ಪ್ಯಾಕೆಟ್ಟಿಗಾಗಿ ಕಾದು ಕೂತ ಲೂಪಿಗೆ ಅಲ್ಲ. ಈಥ್‌ಟೂಲ್ -ಸಿ ಯಲ್ಲಿ ದೊಡ್ಡಕ್ಷರದ ಸಿ ಬಳಸಿ ಆರ್‌ಎಕ್ಸ್-ಯುಸೆಕ್ಸ್ 0 ಮಾಡಿದೆ. ಸಣ್ಣಕ್ಷರದ ಸಿ ಈಗಿನ ಮೌಲ್ಯವನ್ನು ತೋರಿಸುತ್ತದೆ ಅಷ್ಟೇ. ಆಮೇಲೆ ಆ ಕಾರ್ಡಿನ ಐಆರ್‌ಕ್ಯೂ ಥ್ರೆಡ್ಡಿನ ಆದ್ಯತೆಯನ್ನು 50ರಿಂದ 79ಕ್ಕೆ ಏರಿಸಿದೆ. ಲೂಪು 80ರಲ್ಲಿ ಕೂತು ಕಾಯುತ್ತಿರುವಾಗ ಅದಕ್ಕೆ ಬೇಕಾದ ಪ್ಯಾಕೆಟ್ ತರುವ ಥ್ರೆಡ್, ಡಿಸ್ಕ್ ಮತ್ತು ಯುಎಸ್‌ಬಿ ಥ್ರೆಡ್ಡುಗಳ ಜೊತೆ 50ರಲ್ಲಿ ಸರದಿ ನಿಂತಿತ್ತು. ಕಾಯುವವನಿಗೆ ಮಾತ್ರ ಆದ್ಯತೆ ಕೊಟ್ಟು ತರುವವನನ್ನು ಮರೆತರೆ ಪ್ರಯೋಜನವಿಲ್ಲ. ಇವೆರಡೂ ರೀಬೂಟ್ ಆದರೆ ಅಳಿಸಿಹೋಗುತ್ತವೆ, ಬೂಟ್ ಆಗುವಾಗ ಓಡುವ ಸಿಸ್ಟಮ್‌ಡಿ ಸೇವೆಯೊಂದರಲ್ಲಿ ಬರೆದಿಟ್ಟೆ.

ಈ ಬದಲಾವಣೆಯ ನಂತರ ರಾತ್ರಿಯಿಡೀ ಹೊರೆ ಹಚ್ಚಿ ಬಿಟ್ಟೆ. ಬೆಳಗ್ಗೆ ಪ್ರತ್ಯೇಕ ಕೋರಿನ ಗರಿಷ್ಠ 23, ಬೋರ್ಡಿನ ಎರರ್ ಎಣಿಕೆ ಸೊನ್ನೆ. ಕತ್ತರಿಸುವ ಕೆಲಸಗಳೂ ಈಗ ನಡುವೆ ನಿಲ್ಲುತ್ತಿಲ್ಲ.

10. ಬಾಕಿ ಉಳಿದದ್ದು

ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಪಠ್ಯದ ಕನ್ಸೋಲಿಗೆ ಹೋದ ಕ್ಷಣದಲ್ಲಿ ಪ್ರತ್ಯೇಕಿಸದ ಕೋರುಗಳಲ್ಲಿ ಒಂದು ಸಲ ನೂರರ ಮೇಲೆ ನೆಗೆತ ಬರುತ್ತದೆ. ಎಚ್‌ಡಬ್ಲ್ಯೂಲ್ಯಾಟ್‌ಡಿಟೆಕ್ಟ್‌ನಲ್ಲಿ ಅದರ ಗುರುತಿಲ್ಲ, ಆದ್ದರಿಂದ ಗ್ರಾಫಿಕ್ಸ್ ಡ್ರೈವರಿನ ಕಡೆ ಅನುಮಾನ. ಪ್ರತ್ಯೇಕಿಸಿದ ಕೋರಿಗೆ ತಾಗುತ್ತಿಲ್ಲವಾದ್ದರಿಂದ ಯಂತ್ರಕ್ಕೆ ತೊಂದರೆಯಿಲ್ಲ. ತಡದ ಮೂಲ ಹುಡುಕುವ ಆರ್‌ಟಿಎಲ್‌ಎ ಸಾಧನದ ಟೈಮರ್‌ಲ್ಯಾಟ್‌ನಲ್ಲಿ 80 ಮೈಕ್ರೋಸೆಕೆಂಡ್ ದಾಟಿದೊಡನೆ ಟ್ರೇಸ್ ನಿಲ್ಲಿಸುವ ಆಯ್ಕೆ ಹಾಕಿ ಹಿಡಿಯುವ ಪ್ರಯತ್ನ ನಡೆದಿದೆ.

6.12ರ ಹೊಸ ಉಪ ಆವೃತ್ತಿ ಬಂದಾಗ ಮಾಡುವುದು: ಹೊಸ ಸೋರ್ಸಿಗೆ ಹಳೆಯ ಡಾಟ್-ಕಾನ್ಫಿಗ್ ನಕಲು, ಓಲ್ಡ್‌ಡೆಫ್‌ಕಾನ್ಫಿಗ್, ಹಳೆಯ ಹೊಸ ಕಾನ್ಫಿಗ್‌ಗಳ ಡಿಫ್, ಗ್ರೆಪ್, ಬಿಲ್ಡ್. ಇನ್‌ಸ್ಟಾಲ್ ಆದ ಮೇಲೆ ಮೊದಲು ಎಚ್‌ಡಬ್ಲ್ಯೂಲ್ಯಾಟ್‌ಡಿಟೆಕ್ಟ್, ಆಮೇಲೆ ಹೊರೆಯೊಂದಿಗೆ ಸೈಕ್ಲಿಕ್‌ಟೆಸ್ಟ್ ರಾತ್ರಿಯಿಡೀ. ಮ್ಯಾಕ್ಸ್ ಅಂಕಣ 30 ದಾಟಿದರೆ ಆ ಕರ್ನಲ್ ಮೇಲೆ ಸ್ಪಿಂಡಲ್ ಆನ್ ಮಾಡುವುದಿಲ್ಲ, ಗ್ರಬ್‌ನಲ್ಲಿ ಹಿಂದಿನದಕ್ಕೇ ಮರಳುತ್ತೇನೆ.